ಹಾಡು ನಿಲ್ಲುವ ಜಾಗ

ತಿ. ನರಸೀಪುರ, 1999

ಜಗನ್,

ನಿನ್ನೆ ಮೈಸೂರಿನಲ್ಲಿ ನಮ್ಮಿಬ್ಬರ ಮೆಚ್ಚಿನ ರಾಕ್ ಬ್ಯಾಂಡಿನ ಷೋ ಇತ್ತು. ನರಸೀಪುರ ಸ್ಟ್ಯಾಂಡಿನಲ್ಲಿ ನಿಮ್ಮೂರು ಸೋಸಲೆ ಕಡೆ ನೋಡುತ್ತಾ ಮೂರು ಬಸ್ಸು ಬಿಟ್ಟೆ. ಹೋದ ವರ್ಷ ನಿನಗೆ ಕಾಯದೆ, ಒಂದನ್ನೂ ಬಿಡದೆ ಹೊರಟುಬಿಟ್ಟಿದ್ದೆ. ನೀನು ಬೈಕಿನಲ್ಲಿ ನನ್ನ ಬಸ್ಸನ್ನು ಅಟ್ಟಿಸಿಕೊಂಡು ವರುಣಾ ತಿರುವಿನ ತನಕ ಬಂದಿದ್ದೆಯಂತೆ, ಬೈಕು ಬಿದ್ದದ್ದು ಅಲ್ಲೇ.

ಹೋದ ವರ್ಷ ಹಾಡದ ನಮ್ಮ ಹಾಡನ್ನು ಈ ಸಲ ಹಾಡಿದರು. ನಾವು ಕಾಪಿ ಮಾಡಿಸಿದ ಕ್ಯಾಸೆಟ್ಟಿನಲ್ಲಿ ಟೇಪು ಸಾಲದೆ ಅದು ಅರ್ಧಕ್ಕೇ ನಿಲ್ಲುತ್ತಿತ್ತಲ್ಲ, ಹಾಡೇ ಅಷ್ಟು ಅಂದುಕೊಂಡು ನೀನು ನನ್ನ ಬೆನ್ನಿಗೆ ಗುದ್ದಿ ಮುಗೀತು ಅಂತ ಕೂಗುತ್ತಿದ್ದೆ. ನಿನ್ನನ್ನು ಮಣ್ಣು ಮಾಡಿದ ದಿನ ಆ ಕ್ಯಾಸೆಟ್ಟನ್ನು ನಿನ್ನ ಜೇಬಿಗೇ ಹಾಕಿದೆ.

ನಿನ್ನೆ ಗಿಟಾರು ಸರಿಯಾಗಿ ಆ ಜಾಗಕ್ಕೆ ಬಂತು. ನನ್ನ ಬೆನ್ನಿಗೆ ಗುದ್ದು ಬಿತ್ತು.

"ಮುಗೀತು ಕಣ್ಲಾ ಮದನಾ, ನಡಿ ಓಗವ!"

ಸುತ್ತ ನನ್ನ ಹೆಸರು ಗೊತ್ತಿದ್ದವರು ಯಾರೂ ಇರಲಿಲ್ಲ. ಹಾಡೂ ನಿಂತಿರಲಿಲ್ಲ. ತಿರುಗಿ ನೋಡಲು ಧೈರ್ಯ ಬರಲಿಲ್ಲ.

"ಇನ್ನೂ ಐತೆ ಕಣೋ, ನಿಂತ್ಕೋ," ಅಂದೆ.

ಹಾಡು ಇನ್ನೂ ಎರಡು ನಿಮಿಷ ಇತ್ತು. ಅಷ್ಟು ಹೊತ್ತೂ ನನ್ನ ಕತ್ತಿಗೆ ತಣ್ಣನೆಯ ಉಸಿರು ತಾಗುತ್ತಲೇ ಇತ್ತು.

ನೀನು ಕಾದೆ ಕಣೋ.