ವೃತ್ತಿ ತೆರಿಗೆ ಇಲ್ಲದ ರಾಜ್ಯ

ಅಣ್ಣನಿಗೆ ನಮಸ್ಕಾರ,

ಎರಡೂ ರಾಜ್ಯಗಳನ್ನು ತೂಗಿ ನೋಡಿ, ಇಲ್ಲಿ ಬಾಡಿಗೆ ಕಮ್ಮಿ, ವೃತ್ತಿ ತೆರಿಗೆಯೂ ಇಲ್ಲ ಎಂದು ನನ್ನನ್ನು ಹೊರಡಿಸಿದೆಯಲ್ಲ! ತೆರಿಗೆ ಇಲ್ಲ, ನಿಜ. ವೃತ್ತಿಯೇ ಇಲ್ಲದವಳಿಗೆ ತೆರಿಗೆ ಎಲ್ಲಿಂದ ಬರಬೇಕು?

ಇಲ್ಲಿನ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೊಸದಾಗಿ ನೋಂದಣಿಯಾಗುವವರೆಗೆ ನನ್ನನ್ನು ವಾರ್ಡಿಗೆ ಬಿಡುವುದಿಲ್ಲವಂತೆ. ಅದು ನಿನ್ನ ತಲೆಗೆ ಹೊಳೆಯಲೇ ಇಲ್ಲ. ಈಗ ಆಸ್ಪತ್ರೆಯ ಕೌಂಟರಿನಲ್ಲಿ ಕೂತು ಟೋಕನ್ ಹರಿದು ಕೊಡುತ್ತಿದ್ದೇನೆ.

ನಿನ್ನೆ ಒಬ್ಬರು ಅಜ್ಜಿ ನನ್ನೆದುರೇ ಕುಸಿದರು. ಓಡಿ ನಾಡಿ ಹಿಡಿದೆ. ಮ್ಯಾನೇಜರ್ ಗದರಿದರು: “ನೀವು ಮುಟ್ಬೇಡಿ ಮೇಡಂ, ಸಿಸ್ಟರನ್ನ ಕರೀರಿ.”

ಇಷ್ಟು ವರ್ಷ ಐಸಿಯು ನೋಡಿಕೊಂಡವಳು ಸಿಸ್ಟರನ್ನು ಕರೆದೆ.

ನಾಳೆಯೇ ನನ್ನ ಹಳೆಯ ಕೌನ್ಸಿಲ್ ಕಚೇರಿಗೆ ಹೋಗು. ಇಲ್ಲಿನ ನೋಂದಣಿಗೆ ಅವರ ಎನ್‌ಒಸಿ ಬೇಕಂತೆ, ಅದು ಕೈಗೆ ಬರುವವರೆಗೆ ಅಲ್ಲಿಂದ ಕದಲಬೇಡ. ಉಳಿತಾಯದ ಮಾತು ಆಮೇಲೆ.

ಇಂತಿ ನಿನ್ನ ತಂಗಿ,
ಸದ್ಯಕ್ಕೆ ನಿನಗೊಬ್ಬನಿಗೇ ಸಿಸ್ಟರ್