ತೊಲೆಯಾಗದ ಗಂಧಗರಿಗೆ

ಮಿರ್ಲೆ
ತಾ. ೧೮-೨-೧೯೯೯, ಗುರುವಾರ

ಚಂದು ಅಪ್ಪನವರಿಗೆ ಸುನಂದ ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನಿಮ್ಮ ಕೆಮ್ಮು ಹೇಗಿದೆ? ಬೀಟೆ ಮರ ಕುಯ್ಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ, ನೀವು ಕಟ್ಟಿಕೊಳ್ಳುವುದಿಲ್ಲ ಎಂಬುದೂ ಗೊತ್ತು. ಆ ಮಾನಂದವಾಡಿಯ ಕುಸುಬಲಕ್ಕಿ ಅನ್ನ ಹೊಟ್ಟೆಗೆ ಒಗ್ಗುತ್ತಿಲ್ಲ ಎಂದು ಬರೆದಿದ್ದಿರಿ. ಅದಕ್ಕೆ ಎರಡು ಸೇರು ರಾಗಿ ಹಿಟ್ಟು ಕಟ್ಟಿಟ್ಟಿದ್ದೇನೆ. ರಾಮಮ್ಮ ಮೆಣಸು ಕುಯ್ಯುವ ಕೆಲಸಕ್ಕೆಂದು ಇವತ್ತು ಮೂರು ಗಂಟೆ ಬಸ್ಸಿಗೆ ನಿಮ್ಮ ಕಡೆಗೇ ಹೊರಟಿದ್ದಾಳೆ. ಹಿಟ್ಟಿನ ಜೊತೆ ಈ ಕಾಗದವನ್ನೂ ಅವಳ ಕೈಗೇ ಕೊಡುತ್ತೇನೆ, ಅಂಚೆಗೆ ಹಾಕಿದರೆ ಸೋಮವಾರದೊಳಗೆ ನಿಮಗೆ ಮುಟ್ಟುವುದಿಲ್ಲ. ಇಷ್ಟು ಬರೆಯುವಷ್ಟರಲ್ಲಿ ಮೂರು ಸಲ ಎದ್ದು ಬಾಗಿಲಿಗೆ ಹೋಗಿ ಬಂದೆ. ಅಕ್ಷರ ಸೊಟ್ಟಗಿದ್ದರೆ ಬೈದುಕೊಳ್ಳಬೇಡಿ.

ಸೋಮವಾರ ನಮ್ಮ ಹೊಸ ಮನೆಗೆ ತೊಲೆ ಏರಿಸುವ ಮುಹೂರ್ತ. ಹಿತ್ತಿಲ ಗಂಧಗರಿಗೆ ಮರವನ್ನೇ ತೊಲೆ ಮಾಡುತ್ತೇನೆ ಎಂದು ಮಾವ ಹಿಡಿದ ಹಟ ಬಿಟ್ಟಿರಲಿಲ್ಲ. ನಿಮ್ಮನ್ನು ಹೊತ್ತಿದ್ದ ವರ್ಷ ಅತ್ತೆ ತಮ್ಮ ಕೈಯಾರೆ ನೆಟ್ಟು ನೀರು ಹಾಕಿದ ಮರವಂತೆ, ಅದು ಮಗನ ಮನೆಯ ನೆತ್ತಿಯ ಮೇಲೇ ಇರಬೇಕಂತೆ. ಹೋದ ವರ್ಷ ಪುಷ್ಯದಲ್ಲಿ, ಎಲೆಯೆಲ್ಲ ಉದುರಿಸಿ ನಿಂತಿದ್ದಾಗ ಕಡಿಸಿ ಸಾಮಿಲ್ಲಿನ ನೆರಳಿನಲ್ಲಿ ಹಾಕಿಸಿದರು. ನಾನು ಇದನ್ನು ಎರಡು ಕಾಗದದಲ್ಲಿ ನಿಮಗೆ ಬರೆದೆ. ನೀವು "ಅಪ್ಪನ ಮರ, ಅಪ್ಪನ ಇಷ್ಟ" ಎಂದು ಒಂದೇ ಸಾಲಿನಲ್ಲಿ ಮುಗಿಸಿದಿರಿ. ಆ ಸಾಲು ಓದಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ತೊಲೆಯ ಕೆಳಗೆ ಮಲಗುವವರು ನಾನು, ನಿಮ್ಮ ಮಗಳು. ನಿಮ್ಮ ಇಬ್ಬರ ಮುನಿಸನ್ನು ಚಂದು ತಲೆಯ ಮೇಲೆ ಏರಿಸಬೇಕೆ?

ಗಾವಡಗೆರೆಯಲ್ಲಿ ನೀವಿಬ್ಬರೂ ಬಾಗಿಲು ಕೂರಿಸಿದ ದಿನದ ವಿಷಯ ಮತ್ತೆ ಕೆದಕುತ್ತಿದ್ದೇನೆ ಎಂದುಕೊಳ್ಳಬೇಡಿ. ಮರ ನಿಂತಿದ್ದ ಹಾಗೇ ಬಾಗಿಲ ಕಂಬವನ್ನೂ ಬುಡ ಕೆಳಗೆ ಮಾಡಿ ನಿಲ್ಲಿಸಬೇಕು ಎಂಬುದು ನಿಮಗೆ ಗೊತ್ತಿಲ್ಲದ್ದಲ್ಲ. ಅವತ್ತು ಅವಸರದಲ್ಲಿ ನಿಮ್ಮ ಕೈಯಿಂದ ಒಂದು ಕಂಬ ತಲೆಕೆಳಗಾಯಿತು. ಪೂಜೆಯಾಗಿದ್ದ ಬಾಗಿಲನ್ನು ಮಾವ ಅಷ್ಟು ಜನರ ಎದುರಿಗೆ ಕೀಳಿಸಬಾರದಿತ್ತು, ಒಪ್ಪುತ್ತೇನೆ. ಆದರೆ ನೀವೂ ಮಾರನೆಯ ದಿನವೇ ಉಳಿ, ಬಾಚಿ ಚೀಲಕ್ಕೆ ತುಂಬಿಕೊಂಡು ಹೊರಟುಬಿಟ್ಟಿರಿ. ಒಂದೂವರೆ ವರ್ಷವಾಯಿತು. ಕಾಗದವೆಲ್ಲ ನನ್ನ ಹೆಸರಿಗೆ ಬರುತ್ತವೆ. ನಾನು ಗಟ್ಟಿಯಾಗಿ ಓದುವಾಗ ಮಾವ ಹತ್ತಡಿ ಆಚೆ ಕೂತು ಬೀಡಿ ಕಟ್ಟು ಬಿಚ್ಚುವುದು, ಕಟ್ಟುವುದು ಮಾಡುತ್ತಿರುತ್ತಾರೆ. ಅವರನ್ನು ಕೇಳಿ ಬರೆದ ಒಂದು ಮಾತೂ ಅದರಲ್ಲಿ ಇರುವುದಿಲ್ಲ.

ಮರದ ಗುಣ ನನಗೆ ಹೇಳಿಕೊಟ್ಟವರೇ ನೀವು. ಮದುವೆಯಾದ ಹೊಸದರಲ್ಲಿ ನನ್ನ ಸೀರೆ ಪೆಟ್ಟಿಗೆಗೆಂದು ಗಂಧಗರಿಗೆ ಹಲಗೆಗೆ ಹತ್ತರಿ ಹೊಡೆದು ನುಣುಪು ಮಾಡುವಾಗ ನಾನು ಸುರುಳಿ ಸುರುಳಿ ಹೊಟ್ಟನ್ನು ಮಡಿಲಿಗೆ ತುಂಬಿಕೊಂಡು ಮೂಸುತ್ತಾ ಕೂತಿದ್ದೆ. "ಇದು ಮೂಗಿಗೆ ಹಿತವಾಗೋ ಮರ ಕಣೆ, ಹೊರೆ ಹೊರೋ ಮರ ಅಲ್ಲ" ಎಂದಿರಿ. ಹಗುರ, ಮೊಳೆ ಹೊಡೆದರೆ ಸೀಳುವುದಿಲ್ಲ, ಒಣಗಿದ ಮೇಲೆ ಸೊಟ್ಟಗಾಗುವುದಿಲ್ಲ, ಹುಳು ಹತ್ತಿರ ಸುಳಿಯುವುದಿಲ್ಲ. ಬಾಗಿಲಿಗೆ, ಕಿಟಕಿಗೆ, ಪೆಟ್ಟಿಗೆಗೆ ಇದಕ್ಕಿಂತ ಒಳ್ಳೆಯ ಮರವಿಲ್ಲ. ತೊಲೆಗೆ ಮಾತ್ರ ಹೊನ್ನೆಯೋ ಮತ್ತಿಯೋ ಬೇಕು, ಇದು ಹೆಂಚಿನ ಭಾರಕ್ಕೆ ವರ್ಷದಿಂದ ವರ್ಷಕ್ಕೆ ಬಾಗುತ್ತದೆ ಎಂದಿರಿ. ಏಳು ವರ್ಷವಾದರೂ ಆ ಪೆಟ್ಟಿಗೆಯಲ್ಲಿಟ್ಟ ನನ್ನ ಧಾರೆ ಸೀರೆಗೆ ಒಂದು ತೂತು ಬಿದ್ದಿಲ್ಲ. ಇಷ್ಟೆಲ್ಲ ತಿಳಿದವಳು ಬಾಯಿ ಮುಚ್ಚಿಕೊಂಡು ಹೇಗಿರಲಿ? ಗಾರೆ ಕೆಲಸದ ಚಾಮಯ್ಯನಿಗೆ ನೀನಾದರೂ ಒಂದು ಮಾತು ಹೇಳಪ್ಪ ಎಂದೆ. "ನಿಮ್ ಮಾವ ಹುಚ್ಚಯ್ಯನೋರ್ಗೆ ಮರದ ವಿಸ್ಯ ಹೇಳೋ ಅಷ್ಟು ದೊಡ್ಡೋನಾ ನಾನು? ಬುಡವ್ವ" ಎಂದು ಗಾರೆ ಕಲಸುತ್ತಾ ನಿಂತ. ನಾನೇ ಹೇಳಿದೆ, ಎರಡು ಸಲ. ಮಾವ ಕೇಳಿಸಿಕೊಂಡು ಹಿತ್ತಿಲ ಕಡೆ ಎದ್ದುಹೋದರು.

ಅದಕ್ಕೆ ನಿನ್ನೆ ಒಂದು ಕೆಲಸ ಮಾಡಿದೆ. ಚಂದುವನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಬಸ್ಸು ಹತ್ತಿ ಕೆ.ಆರ್. ನಗರದ ಸಾಮಿಲ್ಲಿಗೆ ಹೋದೆ. ತೊಲೆಯ ಯೋಚನೆ ಬಿಟ್ಟಿದ್ದಾರೆ, ಬಾಗಿಲಿಗೆ ಆಗುವ ಹಾಗೆ ದಿಮ್ಮಿಯನ್ನು ಹಲಗೆ ಕುಯ್ಯಬೇಕಂತೆ, ಮಾವ ಹೇಳಿ ಕಳಿಸಿದ್ದಾರೆ ಎಂದೆ. ನಾಲಿಗೆ ತಡವರಿಸಲೂ ಇಲ್ಲ. ಅವರು ಒಂದು ಪ್ರಶ್ನೆಯನ್ನೂ ಕೇಳದೆ ಗರಗಸಕ್ಕೆ ಕೊಟ್ಟರು. ಒಳಗೆ ಎಂಥಾ ಕೆಂಪು ಅಂತೀರಿ, ಆಗ ತಾನೇ ಎಲೆಯಡಿಕೆ ಮೆದ್ದ ನಾಲಿಗೆಯ ಬಣ್ಣ. ವಾಸನೆ ಮಿಲ್ಲಿನ ತುಂಬ ತುಂಬಿತು. ಅತ್ತೆ ನೆಟ್ಟ ಮರ, ಅವರೂ ಈಗ ಇಲ್ಲ ಎಂದು ನೆನಪಾಗಿ ಅಲ್ಲೇ ಅತ್ತುಬಿಟ್ಟೆ. ಹೊಟ್ಟು ಕಣ್ಣಿಗೆ ಹೋಯಿತು ಎಂದುಕೊಂಡು ಮಿಲ್ಲಿನವನು ನೀರು ತಂದುಕೊಟ್ಟ.

ರಾತ್ರಿ ಹೇಳೋಣವೆಂದು ಮುದ್ದೆ ಬಡಿಸುವಾಗ ಬಾಯಿ ತೆಗೆದೆ, ಧೈರ್ಯ ಬರಲಿಲ್ಲ. ಬೆಳಿಗ್ಗೆ ನಾನು ಡೇರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಮಾವ ತೊಲೆ ತರಲು ಟ್ರ್ಯಾಕ್ಟರ್ ಮಾಡಿಕೊಂಡು ಹೋಗಿಬಿಟ್ಟಿದ್ದಾರೆ. ಈಗ ಹನ್ನೆರಡೂವರೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಗೊತ್ತಿಲ್ಲ, ಎರಡು ಸಲ ಹಾಕಿರಲೂಬಹುದು. ಸೊಸೆಯೊಬ್ಬಳು ಹಿರಿಯರ ಹೆಸರಿನಲ್ಲಿ ಸುಳ್ಳು ಹೇಳಿ ಅವರ ಮರ ಕುಯ್ಯಿಸಿದಳು ಎಂದು ಊರೆಲ್ಲ ಆಡಿಕೊಳ್ಳಲಿ, ಅದು ನನಗೆ ದೊಡ್ಡದಲ್ಲ. ಮಾವ ಊಟ ಬಿಟ್ಟರೆ ಏನು ಮಾಡಲಿ ಎಂಬುದೇ ಭಯ. ನೀವು ಇಲ್ಲಿದ್ದು, ನಮ್ಮಿಬ್ಬರ ಮಧ್ಯೆ ನಿಂತಿದ್ದರೆ ಸಾಕಿತ್ತು.

ಟ್ರ್ಯಾಕ್ಟರ್ ಸದ್ದು ಕೇಳುತ್ತಿದೆ. ಓಣಿಗೆ ತಿರುಗಿತು. ನಿಮ್ಮ ಜೊತೆ ಇರುವವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ, ಹೊತ್ತಿಗೆ ಸರಿಯಾಗಿ ಉಣ್ಣಿ. ಚಂದು ನಿಮಗೆ ಮುತ್ತು ಕೊಟ್ಟಿದ್ದಾಳೆ.

ಇಂತಿ ನಿಮ್ಮ
ಸುನಂದ

ಮರೆತ ಮಾತು: ರಾಮಮ್ಮ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಮಾವ ಹಲಗೆಗಳನ್ನು ಒಂದೊಂದಾಗಿ ಇಳಿಸಿ, ಗಾಳಿಯಾಡಲು ನಡುವೆ ರೀಪು ಪಟ್ಟಿ ಕೊಟ್ಟು ಜೋಡಿಸಿದರು. ಬೈಯಲಿಲ್ಲ. ಜಗಲಿ ಮೇಲೆ ಕೂತು ನೀರು ಕುಡಿದರು. ನಾನು ಕಾಲಿಗೆ ಬೀಳಲು ಹೋದರೆ ತಡೆದು, "ಇದು ತೊಲೆಗಾಗದು ಅಂತ ನಂಗೊತ್ತಿಲ್ವೇನವ್ವಾ? ಐವತ್ತು ವರ್ಸ ಮರ ಕುಯ್ದಿವ್ನಿ. ಚಾಮಯ್ಯನ ಹಿತ್ಲಲ್ಲಿ ಹೊನ್ನೆ ತೊಲೆ ತಂದು ಮಡಗಿ ತಿಂಗಳಾತು. ಅಪ್ಪ ತಪ್ಪು ಮಾಡ್ತಾವ್ನೆ, ಬ್ಯಾಡ ಅನ್ನಕ್ಕಾದ್ರೂ ಮಗ ಬತ್ತಾನೆ ಅಂದ್ಕಂಡಿದ್ದೆ" ಎಂದರು. ಇದನ್ನು ನಿಮಗೆ ಬರೆಯಬಾರದು ಎಂದು ಹೇಳಿ ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ. ಇನ್ನೂ ಉಂಡಿಲ್ಲ. ನಿಮ್ಮನ್ನು ಕರೆಸಲು ಅವರ ಹತ್ತಿರ ಇದ್ದದ್ದು ಅದೊಂದೇ ನೆಪ, ಅದನ್ನೂ ನಾನು ಕುಯ್ಯಿಸಿ ಹಾಕಿದೆ. ಭಾನುವಾರದೊಳಗೆ ಬನ್ನಿ.