ಪ್ಲಾಸ್ಟರ್ ಒಳಗಿನ ಬೆನ್ನು

ರೀ, ನಾನು ಕೆಲಸಕ್ಕೆ ಹೊರಟೆ. ಪುಟ್ಟಿ ಎದ್ದ ಮೇಲೆ ಸ್ನಾನ ಮಾಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಮುಖ, ಕೈಕಾಲು ಒರೆಸಿದರೆ ಸಾಕು. ಸೊಟ್ಟಗಿರುವ ಬೆನ್ನಿಗೆ ಹಾಕಿಸಿದ ಪ್ಲಾಸ್ಟರ್‌ಗೆ ನೀರು ತಾಗಲೇಬಾರದು. ನಿಮ್ಮ ಮರೆವು ಗೊತ್ತಿದ್ದೇ ಇನ್ನೊಮ್ಮೆ ಹೇಳ್ತಿದೀನಿ. ಪ್ಲಾಸ್ಟರ್ ಹೊಟ್ಟೆಯನ್ನೂ ಸುತ್ತಿರೋದ್ರಿಂದ ತಿಂದರೆ ಬಿಗಿಯುತ್ತೆ, ಅದಕ್ಕೆ ಊಟ ಸ್ವಲ್ಪ ಸ್ವಲ್ಪವೇ ಕೊಡಿ. ಅಂಚಿನಲ್ಲಿ ಚರ್ಮ ಕೆಂಪಾಗಿದ್ದರೆ ಫೋನ್ ಮಾಡಿ. ಭಾರಕ್ಕೆ ಮುಗ್ಗರಿಸ್ತಾಳೆ, ಹತ್ತಿರವೇ ಇರಿ.

ನಿನ್ನೆ ಮಧ್ಯಾಹ್ನ ಮಲಗಿಸುವಾಗ ಎಂದಿನಂತೆ ಬೆನ್ನು ತಟ್ಟುತ್ತಿದ್ದೆ. “ಅಮ್ಮಾ, ತಟ್ಟು” ಅಂದಳು. “ತಟ್ತಾನೇ ಇದೀನಲ್ಲ ಚಿನ್ನ” ಅಂದೆ. “ಇಲ್ಲ, ನೀನು ಸುಮ್ನೆ ಕೂತಿದೀಯ” ಅಂತ ಅಳೋಕೆ ಶುರು ಮಾಡಿದಳು. ಆ ದಪ್ಪ ಪ್ಲಾಸ್ಟರ್ ಮೇಲೆ ನನ್ನ ಕೈ ಇದ್ದದ್ದೇ ಅವಳಿಗೆ ಗೊತ್ತಾಗಿರಲಿಲ್ಲ ರೀ.

ನೀವು ಪಾದ ಸವರಿ ಮಲಗಿಸಿ. ಅಲ್ಲಾದರೂ ನಮ್ಮ ಕೈ ಅವಳಿಗೆ ಸಿಗಲಿ.